ಎಡಗೈಯ ಈಟಿ

ಈಟಿ ಮತ್ತೆ ಸೋತಿತು. ಬಲಗೈಗೆ ಗಂಡುಗೊಡಲಿ, ಎಡಗೈಗೆ ಈಟಿ ಎಂದು ತಾನೇ ಹಂಚಿಕೊಂಡು, ತಾನೇ ಇಬ್ಬರಾಗಿ, ಬೆಳಗಿನಿಂದ ಊಟದ ಮೇಜಿನ ಮುಂದೆ ಕೂತು ದಾಳ ಉರುಳಿಸುತ್ತಿದ್ದ ಮಾಸ್ಟರಮ್ಮನಿಗೆ, ಸೋತ ಎಡಗೈ ತಪ್ಪು ಮಾಡಿದ ಮಗುವಿನ ಹಾಗೆ ಮಡಿಲೊಳಗೆ ಸರಿದು ಅವಿತುಕೊಂಡದ್ದು ಕಂಡು ಮೈ ಜುಮ್ಮೆಂದಿತು. ತನಗೇ ತಿಳಿಯದೆ ಆ ಕೈಯಲ್ಲಿ ದಾಳವನ್ನು ಮೆಲ್ಲಗೆ ಬಿಡುತ್ತಿದ್ದೇನೋ ಎಂಬ ಅನುಮಾನ ಬಂದು ಕೈ ಬದಲಾಯಿಸಿದಳು. ಈಟಿ ಬಲಗೈಗೆ ಬಂತು, ಕೊಡಲಿ ಎಡಗೈಗೆ ಹೋಯಿತು. ಆಗಲೂ ಸೋತದ್ದು ಈಟಿಯೇ. ಹಾಗಾದರೆ ತಪ್ಪು ಕೈಯದ್ದಲ್ಲ. ಕೈಯದ್ದಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದುಕೊಂಡಳು; ಕೈಯನ್ನಾದರೆ ಬೈದು ತಿದ್ದಬಹುದು. ಮಧ್ಯಾಹ್ನ ನಾದಿನಿ ಬರುತ್ತಾಳೆ. ಬಂದು, ಎದುರಿನ ಕುರ್ಚಿಯಲ್ಲಿ ಕೂತು, ಈಟಿ ಹಿಡಿಯುತ್ತಾಳೆ. ಹೋದ ವಾರ ಎದ್ದು ಹೋಗುವಾಗ ಚಪ್ಪಲಿ ಮೆಟ್ಟುತ್ತಾ ಹೇಳಿದ ಮಾತು ಬಾಗಿಲಲ್ಲಿ ಇನ್ನೂ ನೇತಾಡುತ್ತಿತ್ತು: "ಮುಂದಿನ ವಾರ ನಾನೊಬ್ಬಳೇ ಆ ರಾಕ್ಷಸನ ಎದುರು ನಿಲ್ತೀನಿ. ಆಗಲೂ ನನ್ನ ಈಟಿಯವಳು ಸತ್ತರೆ, ಇನ್ನು ಈ ಮೇಜಿಗೆ ನಾನು ಬರಲ್ಲ ಅತ್ತಿಗೆ." ಮೇಜಿಗೆ ಬರಲ್ಲ ಅಂದರೆ ಮನೆಗೆ ಬರಲ್ಲ ಎಂದೇ. ಈ ಆಟವೊಂದು ಬಿಟ್ಟರೆ ಅವರಿಬ್ಬರ ನಡುವೆ ಮಾತಾಡಲು ಬೇರೆ ಏನು ಉಳಿದಿತ್ತು?

ಮಾಸ್ಟರಮ್ಮ ಯೂನಿಫಾರಂ ಹೊಲಿಯುವ ವರ್ಕ್‌ಶಾಪಿನಲ್ಲಿ ಬಟ್ಟೆ ಕತ್ತರಿಸುವವಳು. ಅಲ್ಲಿನವರು ಮಾಸ್ಟರಮ್ಮ ಅಂದದ್ದನ್ನೇ ಗಂಡ ಹಾಸ್ಯಕ್ಕೆ ಹಿಡಿದು, ಅದೇ ಮನೆಯ ಹೆಸರೂ ಆಗಿಬಿಟ್ಟಿತ್ತು. ಪದರದ ಮೇಲೆ ಪದರ ಬಟ್ಟೆ ಹಾಸಿ, ಮೇಲೆ ಒಂದೇ ಗೆರೆ ಎಳೆದು, ಎಲ್ಲವನ್ನೂ ಒಂದೇ ಸಲಕ್ಕೆ ಕತ್ತರಿಸುವ ಕೆಲಸ. ಮೇಲಿನ ಗೆರೆ ಒಂದು ನೂಲು ತಪ್ಪಿದರೆ ಕೆಳಗಿನ ಅಷ್ಟೂ ಜನರ ಹೆಗಲು ಡೊಂಕು. ಅಷ್ಟು ವರ್ಷ ಕತ್ತರಿ ಹಿಡಿದವಳಿಗೆ ಆಯುಧಗಳನ್ನು ಸರಿದೂಗಿಸುವುದು ಯಾವ ದೊಡ್ಡ ಮಾತು ಅನ್ನಿಸಿತ್ತು ಮೊದಲಿಗೆ. ಲಿಫ್ಟ್ ರಿಪೇರಿಯ ಗಂಡ ಎಲ್ಲಿಂದಲೋ ಆ ಕಥೆಯಾಟದ ಪೆಟ್ಟಿಗೆ ತಂದಿದ್ದ. ಒಬ್ಬರು ಸೂತ್ರಧಾರರಾಗಿ ಕಥೆ ಹೇಳುತ್ತಾ, ರಾಕ್ಷಸರನ್ನೂ ಆಡಿಸುತ್ತಾ ಹೋಗುವುದು. ಉಳಿದವರು ಒಬ್ಬೊಬ್ಬರು ಒಂದೊಂದು ವೇಷವಾಗಿ ಕಥೆಯೊಳಗೆ ಹೊಕ್ಕು ತಾವೇನು ಮಾಡುತ್ತೇವೆಂದು ಹೇಳುವುದು. ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುವುದು. ಪೆಟ್ಟಿಗೆಯಲ್ಲಿ ದಾಳವಿತ್ತು, ರಾಕ್ಷಸರ ಚಿತ್ರಗಳಿದ್ದವು, ಆಯುಧಗಳ ಹಾಳೆಗಳು ಮಾತ್ರ ಹರಿದುಹೋಗಿದ್ದವು. "ನೀನೇ ಸೂತ್ರಧಾರಿಣಿ ಆಗೇ, ಹಾಳೆಗಳನ್ನೂ ನೀನೇ ಮಾಡು. ನಮ್ಮನೇಲಿ ಅಳೆಯೋದು ಗೊತ್ತಿರೋದು ನಿನಗೊಬ್ಬಳಿಗೇ" ಅಂದಿದ್ದ ಗಂಡ. ಅವಳು ಅಳೆದೂ ಸುರಿದೂ ಮಾಡಿದಳು. ಒಂದು ಆಯುಧ ಮಿಕ್ಕದ್ದಕ್ಕಿಂತ ಮೇಲಾದರೆ ಎಲ್ಲರೂ ಅದನ್ನೇ ಹಿಡಿಯುತ್ತಾರೆ, ಆಮೇಲೆ ಆರಿಸಿಕೊಳ್ಳುವುದು ಎಂಬುದೇ ಇರುವುದಿಲ್ಲ. ಹಾಗೆಂದು ಎಲ್ಲಕ್ಕೂ ಒಂದೇ ಬಲ ಕೊಟ್ಟರೆ ಕತ್ತಿಯೂ ಸೌದೆಯೂ ಒಂದೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪ್ರತಿ ವೇಷಕ್ಕೂ ಎಣಿಸಿದಷ್ಟು ಉಸಿರು, ಅದು ಮುಗಿದರೆ ಸಾವು. ಗಂಡುಗೊಡಲಿಯ ಏಟು ಎದುರಾಳಿಯ ಹತ್ತು ಉಸಿರು ಕಳೆಯುತ್ತದೆ, ಆದರೆ ಅದನ್ನು ಹಿಡಿದವನಿಗೆ ಓಡಲಾಗದು. ಕತ್ತಿಗೆ ಎಂಟು. ಚೂರಿಗೆ ನಾಲ್ಕು, ಆದರೆ ಒಂದು ಸರದಿಗೆ ಎರಡು ಸಲ ಚುಚ್ಚಬಹುದು. ಈಟಿಗೆ ಆರು, ಮತ್ತು ಒಂದು ಲಾಭ: ದೂರದಿಂದ ಮೇಲೆ ಬೀಳಲು ಬರುವವನಿಗೆ ಮೊದಲ ತಿವಿತ ಈಟಿಯದೇ. ಬಿಲ್ಲಿಗೆ ಐದು, ಅದೂ ದೂರದಿಂದ. ಕಾಗದದ ಮೇಲೆ ಎಲ್ಲ ತೂಕವಾಗಿ ನಿಂತಿತ್ತು. ಆಟದಲ್ಲಿ ಮಾತ್ರ ನಾದಿನಿಯ ವೇಷ, ಈಟಿ ಹಿಡಿದವಳು, ಸತ್ತಳು. ಮತ್ತೊಂದು ಹೆಸರಿಟ್ಟುಕೊಂಡು ಬಂದಳು, ಸತ್ತಳು. ಇನ್ನೊಂದು ಹೆಸರಿಟ್ಟುಕೊಂಡು ಬಂದಳು. ಪಕ್ಕದ ಮನೆಯ ಕಂಡಕ್ಟರಣ್ಣ ಮೊದಲು ಬಿಲ್ಲು ಹಿಡಿದಿದ್ದವನು, ಎರಡು ವಾರದಲ್ಲೇ "ಇದು ನನ್ನ ರೂಟಲ್ಲ" ಎಂದು ಬಿಲ್ಲು ಎಸೆದು ಚೂರಿ ಹಿಡಿದ, ಸುಖವಾಗಿದ್ದ. ನಾದಿನಿಗೆ ಹಾಗೆ ಬದಲಾಯಿಸಲು ಬರುತ್ತಿರಲಿಲ್ಲ. ಹಿಡಿದದ್ದನ್ನು ಬಿಡುವ ಜಾಯಮಾನವಲ್ಲ ಅವಳದು. ಗಾಡಿ ಓಡಿಸಲು ಕಲಿಸುವವಳು, ಪಕ್ಕದಲ್ಲಿ ಎಂಥಾ ಮೊದ್ದು ಕೂತು ಸ್ಟೇರಿಂಗ್ ತಿರುಗಿಸಿದರೂ ಸೀಟು ಬಿಟ್ಟು ಇಳಿಯದವಳು.

ಮೇಜಿನ ಮೇಲೆ ಹಾಸಿದ್ದ ಬೂದು ಬಟ್ಟೆಯನ್ನು ಮಾಸ್ಟರಮ್ಮ ಅಂಗೈಯಿಂದ ಸವರಿದಳು. ಅದೇ ಅವರ ರಣರಂಗ. ವರ್ಕ್‌ಶಾಪಿನಲ್ಲಿ ಉಳಿದ ತುಂಡನ್ನು ತಂದು, ಈ ಮೇಜಿಗೆ ಸರಿಯಾಗಿ ಕತ್ತರಿಸಿ, ಸೀಮೆಸುಣ್ಣದ ಚೌಕಗಳ ಮೇಲೆ ಬಿಳಿ ದಾರ ಓಡಿಸಿ, ಮನೆ ಮನೆಯಾಗಿ ಹೊಲಿದಿದ್ದಳು. ಅಂಚಿನಿಂದ ಒಂದು ನೂಲೂ ಇಳಿಬಿದ್ದಿರಲಿಲ್ಲ. ಇಳಿಬಿದ್ದರೆ ಯಾರಾದರೂ ಮೊಣಕೈಯಿಂದ ಎಳೆದು ಎಲ್ಲ ಕಾಯಿ ಉರುಳಿಸುತ್ತಾರೆ. ಕಾಯಿ ಅಂದರೆ ಗುಂಡಿಗಳು. ಗಂಡನದು ಹಿತ್ತಾಳೆಯದು, ಕಂಡಕ್ಟರಣ್ಣನದು ಅಂಗಿಯ ಪುಟ್ಟ ಬಿಳಿ ಗುಂಡಿ, ನಾದಿನಿಯದು ಕೋಟಿನ ಕಪ್ಪು ದೊಡ್ಡ ಗುಂಡಿ, ಒಂದು ಬದಿ ಚಕ್ಕೆ ಎದ್ದದ್ದು. ಆ ಗುಂಡಿ ಯಾವ ಕೋಟಿನದು ಎಂದು ನಾದಿನಿ ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ. ಅತ್ತೆಯ ಕೋಟಿನದು. ಕೊನೆಯ ತಿಂಗಳುಗಳಲ್ಲಿ ಅತ್ತೆ ಹಾಸಿಗೆಯಲ್ಲೂ ಅದನ್ನು ತೊಟ್ಟಿರುತ್ತಿದ್ದರು, ಚಳಿ ಎಂದು. ಮುಂದಿನ ಕೋಣೆಯಲ್ಲಿ ಅವರ ಮಂಚ. ನಾದಿನಿ ದಿನಾ ಕೆಲಸ ಮುಗಿಸಿ ಬರುತ್ತಿದ್ದಳು, ತಾಯಿಯ ಕಾಲ ಬಳಿ ಕೂರುತ್ತಿದ್ದಳು. ಇವಳು ತಲೆದೆಸೆಯಲ್ಲಿ ನಿಂತಿರುತ್ತಿದ್ದಳು, ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ. ಒಂದು ಸಂಜೆ ನಾದಿನಿ ತಲೆ ಎತ್ತದೆ, "ಸ್ವಲ್ಪ ಹೊತ್ತು ಆಚೆ ಇರ್ತೀರಾ ಅತ್ತಿಗೆ?" ಅಂದಳು. ಅಂದದ್ದು ಅಷ್ಟೇ. ಇಷ್ಟೆಲ್ಲ ಬಳಿದು ತೊಳೆದು ಮಾಡಿದವಳಿಗೆ ಆಚೆ ಇರು ಅನ್ನುತ್ತಾಳಲ್ಲ ಎಂದು ಇವಳಿಗೆ ಕೆಂಡ ನುಂಗಿದಂತಾಗಿ, ಮಾತ್ರೆಗೆ ಹೊತ್ತಾಯಿತು ಎಂದು ಅಲ್ಲೇ ನಿಂತಳು. ಮಾರನೆಯ ದಿನವೂ ನಿಂತಳು. ತಾಯಿಗೂ ಮಗಳಿಗೂ ಏನು ಹೇಳಿಕೊಳ್ಳುವುದಿತ್ತೋ, ಹೇಳಿಕೊಳ್ಳುವ ಮೊದಲೇ ಮಂಚ ಖಾಲಿಯಾಯಿತು. ಅದಾದ ಮೇಲೆ ನಾದಿನಿ ಈ ಬಾಗಿಲಿಗೆ ಬಂದದ್ದು ಗಂಡ ಈ ಪೆಟ್ಟಿಗೆ ತಂದ ನಂತರವೇ.

ಮಾಸ್ಟರಮ್ಮ ಕಾಗದ ಎಳೆದುಕೊಂಡು ಈಟಿಯ ಮುಂದಿನ ಆರನ್ನು ಹೊಡೆದು ಎಂಟು ಎಂದು ಬರೆದಳು. ಬರೆದದ್ದೇ ಕಳ್ಳತನ ಮಾಡಿದವಳ ಹಾಗೆ ಬಾಗಿಲ ಕಡೆ ನೋಡಿದಳು.

ಬಾಗಿಲಲ್ಲಿ ಗಂಡ ನಿಂತಿದ್ದ, ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು. "ಏನೇ, ಒಬ್ಬಳೇ ಜಗಳ ಆಡ್ತಿದ್ದೀಯ? ನಾನಿಲ್ಲದಾಗಲೂ ಬಿಡುವಿಲ್ಲ ಅನ್ನು."

"ಈಟಿಗೆ ಏನೋ ಕೊರೆ ಇದೆ ರೀ. ಎಷ್ಟು ಸಲ ಆಡಿದರೂ ಸೋಲುತ್ತೆ."

"ಈಟಿಗೆ ಕೊರೆ ಇಲ್ಲ ಮಾರಾಯ್ತಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಿಗೆ ಆಡೋಕೆ ಬರಲ್ಲ, ಅಷ್ಟೇ. ಚಿಕ್ಕಂದಿನಿಂದಲೂ ಹಾಗೇ. ಸೋತರೆ ಅತ್ತು, ಕವಡೆ ಚೆಲ್ಲಿ, ಅಮ್ಮನ ಹತ್ತಿರ ಓಡೋಳು."  ಪೊಟ್ಟಣವನ್ನು ಮೇಜಿನ ಮೇಲಿಡಲು ಹೋಗಿ, ಬಟ್ಟೆ ಕಂಡು, ಕಿಟಕಿಯ ಮೇಲಿಟ್ಟ.

ಮಧ್ಯಾಹ್ನ ಮೊದಲು ಬಂದವನು ಕಂಡಕ್ಟರಣ್ಣ. ನಿವೃತ್ತನಾಗಿ ಎಷ್ಟೋ ಕಾಲವಾದರೂ, ಕೂತ ಮೇಲೆ ಮೇಜನ್ನು ಎರಡು ಸಲ ಅಂಗೈಯಿಂದ ತಟ್ಟಿ "ರೈಟ್" ಅನ್ನದೆ ಅವನಿಗೆ ಯಾವುದೂ ಶುರುವಾಗುತ್ತಿರಲಿಲ್ಲ. ಆಮೇಲೆ ನಾದಿನಿ ಬಂದಳು. ಅವಳು ಬಂದಾಗಲೆಲ್ಲ ಮಾಸ್ಟರಮ್ಮನಿಗೆ ಕಾಣುತ್ತಿದ್ದದ್ದು ಒಂದೇ. ಮುಂದಿನ ಕೋಣೆಯನ್ನು ದಾಟುವಾಗ ಮಂಚವಿದ್ದ ಜಾಗದಲ್ಲಿ ಈಗ ಏನೂ ಇಲ್ಲದಿದ್ದರೂ ನಾದಿನಿ ಸ್ವಲ್ಪ ಬಳಸಿಕೊಂಡು ನಡೆಯುತ್ತಿದ್ದಳು, ಇನ್ನೂ ಅಲ್ಲಿ ಮಂಚ ಇದ್ದಂತೆ. ಇವತ್ತೂ ಬಳಸಿಕೊಂಡೇ ಬಂದಳು. "ಚಿಕ್ಕಿ, ಟೀ ಕುಡೀತೀಯಾ?" ಎಂದು ಮನೆಯ ಮುದ್ದಿನ ಹೆಸರು ಹಿಡಿದು ಕೇಳಿದ್ದಕ್ಕೆ, "ಆಟ ಆಡೋಣ ಅತ್ತಿಗೆ" ಅಂದಳು. ಎದುರಿನ ಕುರ್ಚಿಯಲ್ಲಿ, ಗೋಡೆಗೂ ಮೇಜಿಗೂ ನಡುವಿನ ಇಕ್ಕಟ್ಟಿನಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ಕಲಿಯುವವರ ಪಕ್ಕದ ಸೀಟಿನಲ್ಲೂ ಹೀಗೇ ಕೂರುತ್ತಾಳೇನೋ, ಕಾಲು ಬ್ರೇಕಿನ ಮೇಲೆ.

ಮಾಸ್ಟರಮ್ಮ ಶರ್ಟಿನ ಡಬ್ಬಿಯ ರಟ್ಟನ್ನು ತನ್ನ ಮುಂದೆ ಮಡಿಸಿ ನಿಲ್ಲಿಸಿದಳು. ಸೂತ್ರಧಾರಿಣಿಯ ಮರೆ ಅದು. ರಾಕ್ಷಸನ ಪಾಲಿನ ದಾಳವನ್ನು ಅವಳು ಅದರ ಹಿಂದೆ ಉರುಳಿಸುವುದು ರೂಢಿ. ದಾಳ ಹನ್ನೆರಡು ದಾಟಿದರೆ ಏಟು ತಗುಲಿತು, ದಾಟದಿದ್ದರೆ ತಪ್ಪಿತು. ಗಂಟಲು ಸರಿಮಾಡಿಕೊಂಡು ಕಥೆ ಶುರು ಮಾಡಿದಳು, ಸೇತುವೆ, ಸೇತುವೆಯ ಬಾಯಲ್ಲಿ ಕೂತ ಕಲ್ಲಿನ ರಾಕ್ಷಸ, ಅವನ ಗದೆ. ಗದೆಯ ಒಂದು ಏಟಿಗೆ ಹತ್ತು ಉಸಿರು. ನಾದಿನಿಯ ಈಟಿಯವಳಿಗೆ ಇರುವುದು ಹನ್ನೆರಡು. ಹೇಳುತ್ತಾ ಹೇಳುತ್ತಾ, ಬಾಯಿಗೆ ಬಂದದ್ದನ್ನು ಹೇಳುವವಳ ಹಾಗೆ, "ಹಾಂ, ಇನ್ನೊಂದು. ಈಟಿಗೆ ಇವತ್ತಿಂದ ಎಂಟು" ಎಂದು ಸೇರಿಸಿದಳು.

"ಬಡ್ತಿ ಸಿಕ್ತಾ ಈಟಿಗೆ? ರೈಟ್" ಅಂದ ಕಂಡಕ್ಟರಣ್ಣ.

"ಅದ್ಹೆಂಗೆ? ಕತ್ತಿಗೂ ಎಂಟು, ಈಟಿಗೂ ಎಂಟು, ಮೇಲೆ ಮೊದಲ ತಿವಿತ ಬೇರೆ?" ಗಂಡ ಕುರ್ಚಿಯಲ್ಲಿ ಮುಂದೆ ಬಂದ. "ಹಾಗಾದ್ರೆ ಕತ್ತಿ ಯಾವ ಮುಟ್ಠಾಳ ಹಿಡೀತಾನೆ? ನನ್ನ ಕೊಡಲಿಗೂ ಎರಡು ಸೇರಿಸು. ಇಲ್ಲಾಂದ್ರೆ ನಾನೂ ಮುಷ್ಕರ ಹೂಡ್ತೀನಿ."

ನಾದಿನಿ ನಗಲಿಲ್ಲ. ಕಪ್ಪು ಗುಂಡಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. "ನಾನು ಕೇಳಿದ್ನಾ ಅತ್ತಿಗೆ?"

"ಕೇಳಿದೆ ಅಂತಲ್ಲ ಚಿಕ್ಕಿ. ಲೆಕ್ಕ ನೋಡಿದೆ, ಕಡಿಮೆ ಇತ್ತು—"

"ಆರೇ ಇರಲಿ."

ಆರೇ ಇರಲಿ ಎಂಬ ಆ ಎರಡು ಪದ ಮುಖಕ್ಕೆ ಎರಚಿದ ನೀರಿನ ಹಾಗೆ. ಕಂಡಕ್ಟರಣ್ಣ ಬಿಸ್ಕತ್ತಿನ ಪೊಟ್ಟಣ ಬಿಚ್ಚುವುದರಲ್ಲಿ ಬಹಳ ಆಸಕ್ತಿ ತೋರಿಸಿದ. ಮಾಸ್ಟರಮ್ಮ ಎಂಟನ್ನು ಹೊಡೆದು ಮತ್ತೆ ಆರು ಬರೆದಳು. ಪೆನ್ಸಿಲ್ಲಿನ ಮೊನೆ ಮುರಿಯಿತು. ವರ್ಕ್‌ಶಾಪಿನಲ್ಲಿ ಒಮ್ಮೆ ಒಬ್ಬ ಹುಡುಗಿಯ ಯೂನಿಫಾರಂ ಬಿಗಿಯಾಗಿದೆಯೆಂದು ಯಾರಿಗೂ ಹೇಳದೆ ಸೊಂಟದಲ್ಲಿ ಒಂದಿಷ್ಟು ಜಾಸ್ತಿ ಬಿಟ್ಟು ಕತ್ತರಿಸಿದ್ದಳು. ಹುಡುಗಿ ಅದನ್ನು ಎಲ್ಲರ ಮುಂದೆ ತಂದಿಟ್ಟು, "ನಾನು ದಪ್ಪ ಅಂತ ನಿಮಗ್ಯಾರು ಹೇಳಿದ್ದು?" ಎಂದು ಕೇಳಿದ್ದಳು. ಒಳ್ಳೆಯದು ಮಾಡಲು ಹೋದವಳ ಕೈಯಲ್ಲಿ ಯಾಕೆ ಯಾವಾಗಲೂ ಕತ್ತರಿಯೇ ಇರುತ್ತದೆ? "ಶುರು ಮಾಡಿ ಅತ್ತಿಗೆ" ಎಂದ ದನಿ ಕೇಳಿ ತಲೆ ಎತ್ತಿದಳು. ರಾಕ್ಷಸನ ಕಾಯಿಯನ್ನು, ಅದೊಂದು ದಾರ ಮುಗಿದ ರೀಲು, ಬಟ್ಟೆಯ ಮೇಲೆ ಮುಂದಕ್ಕೆ ನಡೆಸಿದಳು.

ಮೊದಲ ತಿವಿತ ಈಟಿಯದು. ನಾದಿನಿ ದಾಳ ಉರುಳಿಸಿದಳು, ತಗುಲಿತು. ರಾಕ್ಷಸನ ಆರು ಉಸಿರು ಹೋಯಿತು. ಗಂಡ "ಭಲೇ ಚಿಕ್ಕಿ" ಅಂದ. ಆಮೇಲೆ ರಾಕ್ಷಸನ ಗದೆ. ಮಾಸ್ಟರಮ್ಮ ರಟ್ಟಿನ ಹಿಂದೆ ದಾಳ ಬಿಟ್ಟಳು: ಹದಿನಾಲ್ಕು. ಹೇಳಿದಳು. ನಾದಿನಿಯವಳಿಗೆ ಎರಡು ಉಸಿರು ಉಳಿಯಿತು. "ಹಿಂದೆ ಸರೀತೀನಿ" ಅಂದಳು ನಾದಿನಿ. "ಎಲ್ಲಿಗೆ ಸರೀತೀಯ? ಅಲ್ಲಿ ಬಟ್ಟೆ ಮುಗೀತಲ್ಲ" ಎಂದಳು ಮಾಸ್ಟರಮ್ಮ, ಎಷ್ಟೋ ವಾರಗಳಿಂದ ಹೇಳಿ ಹೇಳಿ ಬಾಯಿಗೆ ಕೂತುಹೋದ ಮಾತು, ಬಾಗಿಲು ಹಾಕಿಕೋ ಅಂದಷ್ಟು ಸಲೀಸಾಗಿ. ನಾದಿನಿ ಸರಿಯಲಿಲ್ಲ. ಅಂಚಿನ ಮನೆಯಲ್ಲೇ ನಿಂತು ಇನ್ನೊಮ್ಮೆ ತಿವಿದಳು, ತಪ್ಪಿತು. ಮತ್ತೆ ಗದೆಯ ಸರದಿ. ಮಾಸ್ಟರಮ್ಮ ರಟ್ಟಿನ ಹಿಂದೆ ದಾಳ ಎತ್ತಿಕೊಂಡಳು. ಬಿಟ್ಟಳು. ದಾಳ ಬುಗುರಿಯ ಹಾಗೆ ತಿರುಗಿ, ಇಷ್ಟವಿಲ್ಲದೆ, ನಿಂತಿತು.

ಹದಿನೇಳು.

ಅಷ್ಟರಲ್ಲಿ ಎಷ್ಟೊಂದು ಕಂಡಿತು ಅವಳಿಗೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವ ಕಾಲು, ಇನ್ನು ಬರದ ವಾರಗಳು, ಗಂಡ ತಂಗಿಯ ಮನೆಗೆ ಒಬ್ಬನೇ ಹೋಗಿ ಬಂದು ಏನೂ ಹೇಳದೆ ಕೂರುವುದು, ಮುಂದಿನ ಕೋಣೆಯಲ್ಲಿ ಯಾರೂ ಬಳಸಿಕೊಂಡು ನಡೆಯದೆ ಮಂಚ ನಿಜವಾಗಿಯೂ ಇಲ್ಲವಾಗುವುದು. "ಏಳು" ಅಂದಳು. ದನಿ ಬೇರೆ ಯಾರದೋ ಆಗಿತ್ತು. "ತಪ್ಪಿತು. ಗದೆ ಸೇತುವೆಗೆ ಬಡಿದು ಕಲ್ಲು ಹಾರಿತು." ಎಂದವಳೇ ಬೆರಳ ತುದಿಯಿಂದ ದಾಳವನ್ನು ಮಗುಚಿದಳು.

"ಬದುಕಿದ್ಯಲ್ಲೇ!" ಎಂದು ಗಂಡ ಮೇಜು ಗುದ್ದಿದ. ಕಂಡಕ್ಟರಣ್ಣ ರೈಟ್ ಅನ್ನಲು ಅಂಗೈ ಎತ್ತಿದವನು ನಾದಿನಿಯ ಮುಖ ನೋಡಿ ಅಂಗೈಯನ್ನು ಗಾಳಿಯಲ್ಲೇ ಬಿಟ್ಟ.

ನಾದಿನಿ ಇವಳನ್ನು ನೋಡುತ್ತಿರಲಿಲ್ಲ. ಇವಳ ಹೆಗಲಿನ ಮೇಲಿಂದ, ಹಿಂದಕ್ಕೆ ನೋಡುತ್ತಿದ್ದಳು. "ಅತ್ತಿಗೆ, ನಿಮ್ಮ ಬೆನ್ನ ಹಿಂದೆ ಗಾಜಿನ ಬೀರು ಇದೆ."

ಮಾಸ್ಟರಮ್ಮ ತಿರುಗಲಿಲ್ಲ. ತಿರುಗಬೇಕಾಗಿಯೇ ಇರಲಿಲ್ಲ. ಬೀರುವಿನ ಬಾಗಿಲು, ಅದರಲ್ಲಿ ಹೊಳೆಯುವ ರಟ್ಟಿನ ಒಳಮೈ, ದಾಳ, ದಾಳವನ್ನು ಮಗುಚುವ ತನ್ನ ಬೆರಳು, ಎಲ್ಲ ಬೆನ್ನಿನಿಂದಲೇ ಕಂಡಿತು.

"ಹದಿನೇಳು ಬಿದ್ದಿತ್ತು" ಎಂದಳು ನಾದಿನಿ. "ತಿರುಗಾಮುರುಗಾ ಕಂಡರೂ ಹದಿನೇಳು ಹದಿನೇಳೇ. ಕನ್ನಡಿ ನೋಡ್ಕೊಂಡು ರಿವರ್ಸ್ ಹಾಕೋದನ್ನ ಜನಕ್ಕೆ ಕಲಿಸಿ ಹೊಟ್ಟೆ ಹೊರೆಯೋಳು ನಾನು."

"ಅಂದ್ರೆ ನೀನು ಮೊದಲಿಂದಲೂ ನೋಡ್ತಿದ್ಯಾ?" ಗಂಡನ ಬಾಯಿ ತೆರೆದೇ ಇತ್ತು. "ನನ್ನ ಮೇಲೆ ಬಂದ ರಾಕ್ಷಸರ ದಾಳ, ನಿನ್ನ ಮೇಲೆ ಬಂದವರದು, ಎಲ್ಲಾ?"

"ನೋಡಿದೆ. ನಿನಗೆ ಬಿದ್ದದ್ದನ್ನ ಬಿದ್ದ ಹಾಗೇ ಹೇಳ್ತಾರೆ ಅಣ್ಣ. ಇವರಿಗೂ." ಕಂಡಕ್ಟರಣ್ಣನ ಕಡೆ ಗಲ್ಲ ಎತ್ತಿದಳು. "ನನಗೆ ಮಾತ್ರ ಆಗಾಗ ಇಳಿಸಿ ಹೇಳ್ತಾರೆ. ಮೊದಲನೇ ಸಲ ನೋಡಿದಾಗ ಕಣ್ಣು ತಪ್ಪಿತೇನೋ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಭಿಕ್ಷೆ. ಇಳಿಸಿ ಹೇಳಿಯೂ ನಾನು ಸಾಯ್ತಿದ್ದೆ ನೋಡಿ, ಅದು ನಗು ಬರೋ ವಿಷಯ." ನಗು ಯಾರಿಗೂ ಬರಲಿಲ್ಲ. "ಅಮ್ಮನ ಹತ್ತಿರಾನೂ ಹೀಗೇ ನಿಂತಿದ್ರಿ. ಏನು ಬಿಟ್ಟುಹೋಗುತ್ತೋ, ಏನು ಚೆಲ್ಲಿಹೋಗುತ್ತೋ ಅಂತ. ನಿಮಗೆ ಯಾರನ್ನೂ ಅವರಷ್ಟಕ್ಕೆ ಬಿಡೋಕೆ ಬರಲ್ಲ ಅತ್ತಿಗೆ."

ಎಂದವಳೇ ಏಳಲು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ಕುರ್ಚಿ ಗೋಡೆಗೆ ಬಡಿದು ನಿಂತಿತು. ಮೇಜಿಗೂ ಕುರ್ಚಿಗೂ ನಡುವೆ ಅವಳು ಅರ್ಧ ಎದ್ದವಳು ಅರ್ಧದಲ್ಲೇ ಸಿಕ್ಕಿಕೊಂಡಳು, ತೊಡೆ ಮೇಜಿಗೆ ಒತ್ತಿ, ಬೆನ್ನು ಬಾಗಿ. ಏಳಲೂ ಆಗದೆ ಕೂರಲೂ ಆಗದೆ ನಿಂತ ಅವಳ ಮುಖಕ್ಕೆ ರಕ್ತ ಏರಿತು. ಪ್ರತಿ ವಾರವೂ ಏಳುವಾಗ ಅವಳು ಹೀಗೇ ಸಿಕ್ಕಿಕೊಳ್ಳುತ್ತಿದ್ದಳು, ಆಮೇಲೆ ಓರೆಯಾಗಿ ಜಾರಿ ಹೊರಬರುತ್ತಿದ್ದಳು. ಮಾಸ್ಟರಮ್ಮ ಅದನ್ನು ಎಷ್ಟು ಸಲ ನೋಡಿಲ್ಲ. ಇವತ್ತು ನೋಡಿದವಳ ಕಣ್ಣು ಅಲ್ಲಿಂದ ಮೇಜಿನ ಅಂಚಿಗೆ ಇಳಿಯಿತು. ಅಲ್ಲಿ ಅಂಚಿನ ಮನೆಯಲ್ಲಿ, ನಾದಿನಿಯ ಹೊಟ್ಟೆಗೆ ತಾಗುವಂತೆ, ಕಪ್ಪು ಗುಂಡಿ ನಿಂತಿತ್ತು, ಅದರ ಹಿಂದೆ ಒಂದು ನೂಲೂ ಬಟ್ಟೆ ಇರಲಿಲ್ಲ. ಎಲ್ಲಿಗೆ ಸರೀತೀಯ, ಅಲ್ಲಿ ಬಟ್ಟೆ ಮುಗೀತಲ್ಲ. ಅಯ್ಯೋ ಎಂದಳು ಒಳಗೇ. ಬರುವವನಿಗೆ ಮೊದಲ ತಿವಿತ ಈಟಿಯದು ಎಂದು ತಾನೇ ಬರೆದಿದ್ದಳು. ಹಿಂದೆ ಸರಿದರೆ ಅವನು ಮತ್ತೆ ಬರಬೇಕು, ಬಂದರೆ ಮತ್ತೆ ಮೊದಲ ತಿವಿತ ಈಟಿಯವಳದು, ಅದೇ ಈಟಿಯ ಬಲ. ಸರಿಯಲು ನೆಲವೇ ಇಲ್ಲದ ಕಡೆ ಅದು ಬರೀ ಉದ್ದನೆಯ ಕೋಲು. ಬಿಲ್ಲೂ ಹಾಗೇ ಸತ್ತದ್ದು. ಬೆಳಗಿನಿಂದ ಬಲಗೈ ಎಡಗೈ ಎಂದು ಅದಲು ಬದಲು ಮಾಡಿದ್ದೂ ಇದೇ ಮೇಜಿನ ಮೇಲೆ. ಆರು ಸಾಲದು ಎಂಟು ಬೇಕು ಎಂದು ಅಳೆದಳೇ ಹೊರತು, ಅಳೆಯಲು ಹಾಸಿದ ಬಟ್ಟೆಯನ್ನು ಅಳೆಯಲಿಲ್ಲ. ಮೇಜಿಗೆ ಸರಿಯಾಗಿದೆ ಎಂದು ಸವರಿ ಸವರಿ ಹೆಮ್ಮೆಪಟ್ಟಿದ್ದಳು.

"ನೆಲವೇ ಡೊಂಕು" ಎಂದಳು, ಗಟ್ಟಿಯಾಗಿ.

"ಏನು?" ಎಂದ ಗಂಡ.

"ಕುಣಿಯೋಕೆ ಬರದೆ ಅಲ್ಲ ರೀ. ನೆಲವೇ ಡೊಂಕಿತ್ತು. ಚಿಕ್ಕಿ, ನೀನು ಹೋಗೋದಿದ್ರೆ ಹೋಗು. ಹಿಡಿಯಲ್ಲ ನಾನು. ಆದ್ರೆ ಸ್ವಲ್ಪ ತಾಳು."

ಮೂಲೆಯಲ್ಲಿದ್ದ ಬೂದು ಬಟ್ಟೆಯ ಸುರುಳಿಯನ್ನು ಎಳೆದು ತಂದಳು. ವರ್ಕ್‌ಶಾಪಿನವರು ಬಣ್ಣ ಹೊಂದಲಿಲ್ಲವೆಂದು ಕೊಟ್ಟದ್ದು. ಯಾರನ್ನೂ ನೋಡದೆ, ಮೇಜಿನ ಮೇಲಿನ ಬಟ್ಟೆಯ ಅಂಚಿಗೆ, ನಾದಿನಿಯ ಕಡೆಯ ಅಂಚಿಗೆ, ಸುರುಳಿಯ ತುದಿ ಹಿಡಿದು ಉದ್ದುದ್ದ ಕಚ್ಚಾ ಹೊಲಿಗೆ ಹಾಕತೊಡಗಿದಳು. ಸೂಜಿ ಬೆರಳಿಗೆ ಒಂದು ಸಲ ಚುಚ್ಚಿತು. ನಾದಿನಿ ಓರೆಯಾಗಿ ಜಾರಿ ಹೊರಬಂದು ಗೋಡೆಗೆ ಒರಗಿ ನಿಂತಿದ್ದಳು, ಹೋಗಿರಲಿಲ್ಲ. ಗಂಡನೂ ಕಂಡಕ್ಟರಣ್ಣನೂ ಹೇಳಿಸಿಕೊಳ್ಳದೆ ಮೇಜನ್ನು ಗೋಡೆಗೆ ಸರಿಸಿದರು, ಬಟ್ಟೆ ನೆಲಕ್ಕಿಳಿಯಿತು. ಸುರುಳಿ ಬಿಚ್ಚುತ್ತಾ ಊಟದ ಕೋಣೆ ದಾಟಿ, ಹೊಸ್ತಿಲು ದಾಟಿ, ಮುಂದಿನ ಕೋಣೆಯೊಳಗೆ, ಮಂಚವಿದ್ದ ಜಾಗದ ಮೇಲೆ ಹರಡಿಕೊಂಡು, ಕಿಟಕಿಯ ಕೆಳಗೆ ಹೋಗಿ ನಿಂತಿತು. ಮಾಸ್ಟರಮ್ಮ ಮಂಡಿಯೂರಿ ಸೀಮೆಸುಣ್ಣದಲ್ಲಿ ಮನೆಗಳನ್ನು ಎಳೆಯುತ್ತಾ ಹೊಸ್ತಿಲ ತನಕ ಬಂದಳು. ಅಲ್ಲಿ ನಿಂತು, ಸೀಮೆಸುಣ್ಣವನ್ನು ನಾದಿನಿಯ ಕಡೆ ಚಾಚಿದಳು. "ಒಳಗಿನದು ನೀನೇ ಎಳಕೋ. ನಿನಗೆ ಎಷ್ಟು ಬೇಕೋ ಅಷ್ಟು."

ನಾದಿನಿ ಸೀಮೆಸುಣ್ಣವನ್ನು ನೋಡಿದಳು, ಇವಳನ್ನು ನೋಡಿದಳು. "ಇದೂ ಭಿಕ್ಷೆನಾ?"

"ಅಲ್ಲ. ಈಟಿಗೆ ಆರೇ. ಗದೆಗೂ ಹತ್ತೇ." ಸೀಮೆಸುಣ್ಣವನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. "ಬಟ್ಟೆ ಮಾತ್ರ ನಾನು ಕಡಿಮೆ ಕತ್ತರಿಸಿದ್ದೆ."

"ಹೇಳ್ಬೋದಿತ್ತಲ್ಲ ನಾನೇ" ಎಂದ ಕಂಡಕ್ಟರಣ್ಣ ಪೆಚ್ಚಾಗಿ. "ಬಾಣ ಬಿಡೋ ಮೊದಲೇ ಎಲ್ಲಾ ಬಂದು ತೊಡೆ ಮೇಲೆ ಕೂರ್ತಿದ್ರು. ನಾನು ನನ್ನ ಹಣೆಬರಹ ಅಂದ್ಕೊಂಡೆ."

"ಮೊದಲಿಂದ ಆಡೋಣ" ಎಂದ ಗಂಡ. ತಂಗಿಯ ಮುಖ ನೋಡದೆ, ಬಟ್ಟೆಯ ಸುಕ್ಕು ಬಿಡಿಸುತ್ತಾ ಹೇಳಿದ. "ಸೋತರೆ ಕವಡೆ ಚೆಲ್ಲಬಾರದು ಮತ್ತೆ."

"ಚೆಲ್ಲಿದ್ದು ನೀನು" ಎಂದಳು ನಾದಿನಿ. "ಅಮ್ಮನ ಹತ್ತಿರ ಹೋಗಿ ಹೇಳ್ತಿದ್ದದ್ದು ನಾನು." ಸೀಮೆಸುಣ್ಣ ಇಸಿದುಕೊಂಡು, ತನ್ನ ಗುಂಡಿಯನ್ನೂ ದಾಳವನ್ನೂ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ಕೋಣೆಯಲ್ಲಿ ಸೀಮೆಸುಣ್ಣ ಬಟ್ಟೆಯ ಮೇಲೆ ಓಡುವ ಸದ್ದು ಬಹಳ ಹೊತ್ತು ಕೇಳಿತು. ಮಾಸ್ಟರಮ್ಮ ಹೊಸ್ತಿಲ ಈಚೆ ಕೂತಿದ್ದಳು. ಗೆರೆ ನೆಟ್ಟಗೆ ಬರುತ್ತಿದೆಯೋ ಇಲ್ಲವೋ, ಮನೆ ಒಂದೇ ಅಳತೆಗಿದೆಯೋ ಇಲ್ಲವೋ, ನೋಡಲೆಂದು ಕತ್ತು ತಾನಾಗಿ ಚಾಚಿತು, ಹಿಂದಕ್ಕೆ ತಂದುಕೊಂಡಳು. ಸದ್ದು ಒಂದು ಕಡೆ ನಿಂತಿತು, ಮಂಚದ ತಲೆದೆಸೆ ಇದ್ದ ಕಡೆ. ನಿಂತೇ ಇತ್ತು. ಒಳಗೆ ನಾದಿನಿ ಏನು ಮಾಡುತ್ತಿದ್ದಾಳೆ, ಅಳುತ್ತಿದ್ದಾಳೋ, ಕಿಟಕಿಯ ಆಚೆ ನೋಡುತ್ತಿದ್ದಾಳೋ, ಗುಂಡಿಯ ಗುರುತು ಹತ್ತಿತೋ? ನೀರಿನ ಲೋಟ ಹಿಡಿದು ಎದ್ದು ಹೋಗಬೇಕೆಂದು ಮೈಯೆಲ್ಲ ತುಡಿಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಳು. ಗಂಡ ಏನೋ ಹೇಳಲು ಬಂದ; ಕಂಡಕ್ಟರಣ್ಣ ಅವನ ಕೈ ಹಿಡಿದು ತಡೆದ. ಆಮೇಲೆ ಸೀಮೆಸುಣ್ಣ ಮತ್ತೆ ಓಡಿತು.

"ಆಯ್ತು" ಎಂದಿತು ಒಳಗಿನ ದನಿ. "ಬರಲಿ ಅವನು."

ಮಾಸ್ಟರಮ್ಮ ಶರ್ಟಿನ ರಟ್ಟನ್ನು ಮಡಿಸಿ ಮೇಜಿನ ಕೆಳಗೆ ಎಸೆದಿದ್ದಳು. ರಾಕ್ಷಸನ ರೀಲನ್ನು ಬಟ್ಟೆಯ ಮೇಲೆ ನಡೆಸಿ ಹೊಸ್ತಿಲು ದಾಟಿಸಿದಳು, ತೋಳು ಎಟುಕುವಷ್ಟೇ. ಉಳಿದದ್ದನ್ನು ನಾದಿನಿಯೇ ಒಳಗಿನಿಂದ ಎಳೆದುಕೊಂಡಳು. ಮೊದಲ ತಿವಿತ. ಒಳಗೆ ದಾಳ ಉರುಳಿತು, ಬಟ್ಟೆ ದಾಟಿ ಬರೀ ನೆಲದ ಮೇಲೆ ಟಕಟಕ ಎಂದು ಹೋಗಿ ಎಲ್ಲೋ ನಿಂತಿತು. ಯಾರಿಗೂ ಕಾಣದು. ಗಾಜಿನ ಬೀರುವಿಗೂ ಕಾಣದು. ಅವಳು ಏನು ಹೇಳಿದರೆ ಅದೇ.

"ಮೂರು" ಎಂದಳು ನಾದಿನಿ. "ತಪ್ಪಿತು."

"ಅಯ್ಯೋ ನಿನ್ನ" ಎಂದು ಗಂಡ ಹಣೆ ಚಚ್ಚಿಕೊಂಡ. "ಸುಳ್ಳಾದ್ರೂ ಹೇಳಬಾರದಿತ್ತೇನೇ?"

ಈಗ ಗದೆಯ ಸರದಿ. ನಾದಿನಿ ಒಳಗಿನಿಂದ ಹೊಸ್ತಿಲ ಈಚೆಗೆ ಎಸೆದ ದಾಳವನ್ನು ಮಾಸ್ಟರಮ್ಮ ಎತ್ತಿಕೊಂಡಳು. ಬಿಡುವ ಮೊದಲು ತಾನು ಬಿಡುವುದನ್ನು ಅವಳು ನೋಡಲಿ, ಕಣ್ಣಾರೆ ನೋಡಲಿ ಎಂದು ಎದ್ದು, ಒಂದು ಕಾಲು ಹೊಸ್ತಿಲ ಮೇಲಿಟ್ಟಳು.

"ಅಲ್ಲಿಂದಲೇ ಹೇಳಿ ಅತ್ತಿಗೆ" ಎಂದಿತು ದನಿ. "ಕೇಳಿಸುತ್ತೆ."

ಕಾಲು ಹಿಂದಕ್ಕೆ ಬಂತು. ದಾಳವನ್ನು ಈಚೆಯ ನೆಲದ ಮೇಲೆ ಬಿಟ್ಟಳು. ಗಂಡ ಬಗ್ಗಿ ನೋಡಿದ, ನೋಡಿ ಇವಳ ಕಡೆ ಕಣ್ಣು ಮಿಟುಕಿಸಿದ, ಬೇಡ, ಹೇಳಬೇಡ ಎನ್ನುವಂತೆ. ಅವಳ ನಾಲಗೆಯ ತುದಿಯಲ್ಲಿ ಬೇರೊಂದು ಸಂಖ್ಯೆ ಆಗಲೇ ಬಂದು ಕೂತಿತ್ತು, ರೂಢಿಯಿಂದ. ಅದನ್ನು ನುಂಗಿದಳು.

"ಹದಿನೈದು" ಎಂದಳು. "ತಗುಲಿತು ಚಿಕ್ಕಿ. ಹತ್ತು ಹೋಯ್ತು. ಎರಡು ಉಸಿರು ಉಳಿದಿದೆ ನಿನಗೆ."

 ಹೊರಗೆ ಬಿಸ್ಕತ್ತು ಹಿಡಿದ ಕಂಡಕ್ಟರಣ್ಣನ ಕೈ ಬಾಯಿಯ ಹತ್ತಿರವೇ ನಿಂತಿತ್ತು. ಆಮೇಲೆ, ಒರಟು ಬಟ್ಟೆಯ ಮೇಲೆ ಚಕ್ಕೆ ಎದ್ದ ಗುಂಡಿ ಕೆರೆಯುತ್ತಾ ಹಿಂದಕ್ಕೆ, ಇನ್ನೂ ಹಿಂದಕ್ಕೆ, ಮಂಚವಿದ್ದ ಜಾಗದ ನಟ್ಟನಡುವೆ ಹಾದು, ಕಿಟಕಿಯ ಕಡೆಗೆ ಸರಿದುಹೋಗುವುದು ಕೇಳಿಸಿತು.

"ಹಿಂದೆ ಬಂದೆ" ಎಂದಳು ನಾದಿನಿ. "ಇಲ್ಲಿ ಇನ್ನೂ ಬಟ್ಟೆ ಇದೆ. ಬಾ ಅನ್ನಿ ಅವನಿಗೆ."